ಹುಯ್ಯಲಿಗೆ ಓಗೊಡುವವರು

ನಮ್ಮ ನಾಡಿನ ಹಳ್ಳಿಗಳಲ್ಲಿ, ಕೆರೆಯ ಏರಿಯ ಮೇಲೆಯೋ ಹಾಳುಗುಡಿಯ ಮಗ್ಗುಲಲ್ಲಿಯೋ ನಿಂತಿರುವ ವೀರಗಲ್ಲುಗಳನ್ನು ಶ್ರೋತೃಗಳಲ್ಲಿ ಅನೇಕರು ನೋಡಿರಬಹುದು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ವೀರನನ್ನು ಕರೆದೊಯ್ಯುತ್ತಿರುವ ದೇವಾಂಗನೆಯರು, ಮೇಲೆ ಶಿವಸಾನ್ನಿಧ್ಯ. ಆತನು ಮಡಿದ ಸಂದರ್ಭವನ್ನು ಹೇಳುವುದಕ್ಕೆ ಶಾಸನಗಳಲ್ಲಿ ಕೆಲವು ಗೊತ್ತಾದ ಮಾತುಗಳುಂಟು. ದನಗಳನ್ನು ಹೊಡೆದುಕೊಂಡು ಹೋದವರೊಡನೆ ಹೋರಾಡಿ ಮಡಿದರೆ ‘ತುರುಗೊಳ್’; ಊರು ಸೂರೆಯಾದಾಗ ಮಡಿದರೆ ‘ಊರಳಿವು’; ಹೆಂಗಸರ ಮೊರೆಯನ್ನು ಕೇಳಿ ಓಡಿಹೋಗಿ ಪ್ರಾಣ ಬಿಟ್ಟರೆ ‘ಪೆಣ್ಬುಯ್ಯಲ್’. ಪುಯ್ಯಲ್ ಎಂದರೆ ಆಪತ್ತಿನಲ್ಲಿ ಎತ್ತಿದ ಕೂಗು. ಅದೇ ಮುಂದೆ ಹುಯ್ಯಲು ಆಯಿತು. ಕೂಗನ್ನು ಕೇಳಿ ಓಡಿದವನಿಗೆ ಕಲ್ಲು ನಿಲ್ಲಿಸಿ, ಅವನ ಮನೆಯವರಿಗೆ ‘ನೆತ್ತರುಗೊಡಗೆ’ಯೆಂದು ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಕೇಳಿಯೂ ಕದವಿಕ್ಕಿಕೊಂಡವನಿಗೆ ಕಲ್ಲಿಲ್ಲ. ಆದುದರಿಂದ ಅಂಥವರು ಎಷ್ಟು ಮಂದಿ ಇದ್ದರೋ ಚರಿತ್ರಕಾರನಿಗೆ ತಿಳಿಯುವಂತಿಲ್ಲ.

ಆಪತ್ಕಾಲದಲ್ಲಿ ಪ್ರಜೆಯ ಕೂಗು ರಕ್ಷಕರ ಕಿವಿಯನ್ನು ಮುಟ್ಟುವ ಬಗೆ ಹೇಗೆ ಹೇಗೆ ಬದಲಾಯಿಸುತ್ತ ಬಂದಿತೆಂಬುದೇ ಈ ಭಾಷಣದ ವಿಷಯ. ಪೋಲೀಸು ಇಲಾಖೆಯ ಚರಿತ್ರೆಯೆಂದರೆ ಲಾಠಿ, ಸಮವಸ್ತ್ರ, ಕಾನೂನು ಇವುಗಳ ಚರಿತ್ರೆಯೆಂದು ನಾವು ಭಾವಿಸುತ್ತೇವೆ. ನನಗಾದರೋ ಅದು ಕಿವಿಯ ಚರಿತ್ರೆಯಾಗಿಯೂ ತೋರುತ್ತದೆ.

ಹಿಂದಿನ ಕಾಲದವರು ಈ ಹೊಣೆಯನ್ನು ಸಂಬಳದವರ ಮೇಲೆ ಮಾತ್ರ ಹೊರಿಸಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಗರವನ್ನು ನೋಡಿಕೊಳ್ಳುವ ನಾಗರಿಕನೆಂಬ ಅಧಿಕಾರಿಯ ಪ್ರಕರಣವೊಂದಿದೆ. ಅಲ್ಲಿ, ಬೆಂಕಿ ಬಿದ್ದ ಮನೆಯ ಕಡೆಗೆ ಓಡಿಬಾರದ ಮನೆಯ ಯಜಮಾನನಿಗೆ 12 ಪಣ ದಂಡ, ಬಾಡಿಗೆಗೆ ಇರುವವನಿಗೆ 6 ಪಣ ದಂಡ. ಬಾಡಿಗೆದಾರನಿಗೆ ಅರ್ಧ ರಿಯಾಯಿತಿ ಕೊಟ್ಟಿರುವುದನ್ನು ನೋಡಿದರೆ ಗ್ರಂಥಕರ್ತನಿಗೆ ಪೇಟೆಯ ಜೀವನ ಚೆನ್ನಾಗಿ ಗೊತ್ತಿತ್ತೆಂದು ಹೇಳಬೇಕು. ಹಳ್ಳಿಯೊಳಗೆ ವರ್ತಕನ ಸರಕು ಕಳುವಾದರೆ ಗ್ರಾಮದ ಮುಖ್ಯನೇ ಅದನ್ನು ತುಂಬಿಕೊಡಬೇಕೆಂದೂ ಅದೇ ಗ್ರಂಥ ಹೇಳುತ್ತದೆ. ನಮ್ಮ ಗ್ರಾಮಗಳ ಆಯಗಾರರಲ್ಲಿ ಒಬ್ಬನಾದ ತಳವಾರನು ಈ ವ್ಯವಸ್ಥೆಯ ವಾರಸುದಾರ. ರಾತ್ರಿ ಊರು ಕಾಯುವುದು, ಕಳ್ಳರ ಹೆಜ್ಜೆಯ ಜಾಡನ್ನು ಹಿಡಿದು ಹೋಗುವುದು, ಹೊಸಬರು ಬಂದರೆ ಗೌಡನಿಗೆ ತಿಳಿಸುವುದು ಅವನ ಕೆಲಸ. ಅವನಿಗೆ ಅರ್ಜಿ ಬರೆದುಕೊಡಬೇಕಾಗಿರಲಿಲ್ಲ, ಕೂಗಿದರೆ ಸಾಕಾಗಿತ್ತು.

ಇಂಗ್ಲೆಂಡಿನಲ್ಲಿಯೂ ಹೀಗೆಯೇ. 1285ರ ವಿಂಚೆಸ್ಟರ್ ಶಾಸನದ ಪ್ರಕಾರ ಕಳ್ಳತನವಾದೊಡನೆ ಎಲ್ಲರೂ ಕೂಗೆಬ್ಬಿಸಿ ಊರಿಂದೂರಿಗೆ ಬೆನ್ನಟ್ಟಬೇಕು. ಅಪರಾಧಿ ಸಿಕ್ಕದೆ ಹೋದರೆ ಆ ಪ್ರಾಂತದವರೇ ನಷ್ಟಕ್ಕೆ ಹೊಣೆ. ಈ ಕೂಗಿಗೆ ಅವರು ‘ಹ್ಯೂ ಅಂಡ್ ಕ್ರೈ’ ಎಂದು ಹೆಸರಿಟ್ಟಿದ್ದರು. ನಮ್ಮ ಹುಯ್ಯಲಿಗೂ ಅವರ ಹ್ಯೂ ಎಂಬುದಕ್ಕೂ ದನಿಯಲ್ಲಿ ಹೋಲಿಕೆಯುಂಟೇ ವಿನಾ ನಂಟೇನೂ ಇಲ್ಲ. ಶಬ್ದಮೂಲಗಳನ್ನು ಹುಡುಕುವ ಉತ್ಸಾಹಿಗಳು ದಯವಿಟ್ಟು ಇಲ್ಲಿಗೆ ನಿಲ್ಲಿಸಬೇಕು.

1829ರಲ್ಲಿ ಸರ್ ರಾಬರ್ಟ್ ಪೀಲನು ಲಂಡನ್ನಿನಲ್ಲಿ ಸಂಬಳದ ಪೋಲೀಸು ಪಡೆಯನ್ನು ಏರ್ಪಡಿಸಿದ ಮೇಲೆ ಹಳೆಯ ಹೊಣೆ ಜನರ ಕೈಯಿಂದ ಜಾರತೊಡಗಿತು. ಓಡುವವನು ಈಗ ಇಲಾಖೆಯವನು. ಜನರಿಗೆ ಉಳಿದದ್ದು ಅವನನ್ನು ಕರೆಯುವ ಕೆಲಸ. ಆದರೆ ಗಸ್ತು ತಿರುಗುವ ಒಬ್ಬನನ್ನು ಅಷ್ಟು ದೊಡ್ಡ ಪಟ್ಟಣದಲ್ಲಿ ಕರೆಯುವುದು ಹೇಗೆ? ಮೊದಮೊದಲು ಅವರ ಕೈಯಲ್ಲಿ ಕಟಕಟ ಸದ್ದು ಮಾಡುವ ಮರದ ಗಿಲಕಿ ಇದ್ದಿತು. 1880ರ ದಶಕದಲ್ಲಿ ಅದು ಹೋಗಿ ಸೀಟಿ ಬಂದಿತು. ತರುವಾಯ ಬೀದಿಯ ಮೂಲೆಗಳಲ್ಲಿ ಟೆಲಿಫೋನು ಇಟ್ಟ ಪೆಟ್ಟಿಗೆಮನೆಗಳು ಬಂದುವು. ಗ್ಲಾಸ್ಗೋ ನಗರದಲ್ಲಿ 1891ರಲ್ಲಿಯೂ ಲಂಡನ್ನಿನಲ್ಲಿ 1929ರಿಂದ ಮುಂದಕ್ಕೂ ಇವು ನಿಂತುವು. ನಾಗರಿಕನು ಹೊರಗಿನ ಪುಟ್ಟ ಬಾಗಿಲನ್ನು ತೆರೆದು ಠಾಣೆಯೊಡನೆ ಮಾತನಾಡಬಹುದಾಗಿತ್ತು. ಮೇಲಿನ ದೀಪ ಮಿನುಗಿದರೆ ಗಸ್ತಿನವನು ಬಂದು ಕೇಳಬೇಕು.

ಇದಂತಿರಲಿ. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಒಂದು ರಾತ್ರಿಯ ಸಂಗತಿ. 1935ರ ನವೆಂಬರ್ 10ರಂದು ಲಂಡನ್ನಿನ ವಿಂಪೋಲ್ ಬೀದಿಯಲ್ಲಿ ಒಬ್ಬ ಶಸ್ತ್ರವೈದ್ಯರ ಮನೆಗೆ ಬೆಂಕಿ ಬಿದ್ದಿತು. ನೆರೆಮನೆಯಾತನು ಅಗ್ನಿಶಾಮಕರನ್ನು ಕರೆಯಲು ಟೆಲಿಫೋನನ್ನು ಎತ್ತಿದನು. ಕೇಂದ್ರದಿಂದ ಉತ್ತರವಿಲ್ಲ. ಕಣ್ಣೆದುರಿಗೆ ಮನೆ ಉರಿಯುತ್ತಿದೆ. ಕಿವಿಯಲ್ಲಿ ಗಂಟೆಯ ಸದ್ದು ಮಾತ್ರ. ಆ ಮನೆಯಲ್ಲಿ ಐವರು ಹೆಂಗಸರು ಸತ್ತರು. ನೆರೆಯವನು ಟೈಮ್ಸ್ ಪತ್ರಿಕೆಗೆ ಕಾಗದ ಬರೆದನು. ಸರ್ಕಾರದವರು ವಿಚಾರಣೆ ನಡೆಸಿದರು.

ಅಲ್ಲಿ ಹೊರಬಿದ್ದ ದೋಷ ಯಾರೊಬ್ಬರ ಸೋಮಾರಿತನವಲ್ಲ. ಸಹಾಯ ಬೇಕಾದವನು ಸೊನ್ನೆಯನ್ನು ತಿರುಗಿಸಬೇಕಾಗಿತ್ತು. ಊಟಕ್ಕೆ ಬರುವುದಿಲ್ಲವೆಂದು ಮನೆಗೆ ತಿಳಿಸುವವನೂ ಅದೇ ಸೊನ್ನೆಯನ್ನೇ ತಿರುಗಿಸುತ್ತಿದ್ದನು. ಕೇಂದ್ರದಲ್ಲಿ ಕುಳಿತ ಹೆಂಗಸಿಗೆ ಎರಡು ಕರೆಗಳ ದೀಪಗಳೂ ಒಂದೇ ತೆರ. ಹುಯ್ಯಲಿಗೂ ಹರಟೆಗೂ ವ್ಯತ್ಯಾಸ ತಿಳಿಯದ ಕಿವಿ ಅದು! ಆದುದರಿಂದ ಆಪತ್ತಿಗೆಂದೇ ಬೇರೊಂದು ಸಂಖ್ಯೆ ಬೇಕೆಂದು ನಿಶ್ಚಯವಾಯಿತು. ಯಾವ ಸಂಖ್ಯೆ? ಒಂದು ಎಂಬ ಅಂಕಿಯನ್ನು ಮೇಲಿಂದ ಮೇಲೆ ಬಳಸಿದರೆ ಗಾಳಿಗೆ ತಂತಿಗಳು ತಗುಲಿಕೊಂಡಾಗಲೂ ಕರೆ ಹೋಗಿಬಿಡುವ ಭಯ. ಸೊನ್ನೆ ಆಗಲೇ ಬಳಕೆಯಲ್ಲಿದ್ದಿತು. ಅದರ ಪಕ್ಕದ ಒಂಬತ್ತನ್ನಾದರೋ ಹೊಗೆಯಲ್ಲಿ, ಕತ್ತಲೆಯಲ್ಲಿ ಬೆರಳಿನಿಂದ ತಡವಿಯೇ ಕಂಡುಹಿಡಿಯಬಹುದು; ಕಾಸು ಹಾಕುವ ಪೆಟ್ಟಿಗೆಗಳಿಂದಲೂ ಅದನ್ನು ಬಿಟ್ಟಿಯಾಗಿ ತಿರುಗಿಸುವಂತೆ ಮಾರ್ಪಡಿಸುವುದು ಸುಲಭ. ಹೀಗೆ 1937ರ ಜೂನ್ 30ರಂದು ಲಂಡನ್ನಿನಲ್ಲಿ 999 ಎಂಬ ಸಂಖ್ಯೆ ಜಾರಿಗೆ ಬಂದಿತು. ಆ ಕರೆ ಬಂದೊಡನೆ ಕೇಂದ್ರದಲ್ಲಿ ಕೆಂಪು ದೀಪ ಹತ್ತಿ ಕೊಂಬು ಮೊಳಗುತ್ತಿತ್ತು. ಅದರ ಅಬ್ಬರವನ್ನು ತಡೆಯಲಾರದೆ ಅಲ್ಲಿನ ಹುಡುಗಿಯರು ಕೊಂಬಿನ ಬಾಯಿಗೆ ಟೆನ್ನಿಸ್ ಚೆಂಡನ್ನು ತುರುಕುತ್ತಿದ್ದರಂತೆ. ಮೊದಲನೆಯ ವಾರದಲ್ಲಿ 1,300ಕ್ಕೂ ಹೆಚ್ಚು ಕರೆಗಳು ಬಂದುವು. ಅವುಗಳಲ್ಲಿ 91 ಬರಿಯ ಕುಚೇಷ್ಟೆ. ಜುಲೈ 8ರ ಬೆಳಗಿನ ಜಾವ ಹ್ಯಾಂಪ್‌ಸ್ಟೆಡ್ಡಿನಲ್ಲಿ ಮನೆಗೆ ನುಗ್ಗಿದ್ದ ಕಳ್ಳನೊಬ್ಬನು ಈ ಕರೆಯ ಫಲವಾಗಿ ಕೆಲವೇ ನಿಮಿಷಗಳಲ್ಲಿ ಸೆರೆಸಿಕ್ಕನು. ಅಮೆರಿಕದಲ್ಲಿ 911 ಬಂದದ್ದು ಬಹಳ ತಡವಾಗಿ, 1968ರಲ್ಲಿ.

ನಮ್ಮ ದೇಶದಲ್ಲಿ 1861ರ ಪೋಲೀಸು ಕಾಯಿದೆಯ ತರುವಾಯ ಪ್ರಜೆಗೂ ರಕ್ಷಣೆಗೂ ನಡುವೆ ಠಾಣೆಯೆಂಬುದೊಂದು ನೆಲೆಯಾಗಿ ನಿಂತಿತು; ಠಾಣೆಯೊಡನೆ ಸರಹದ್ದೂ ಬಂದಿತು. ‘ಇದು ನಮ್ಮ ಸರಹದ್ದಲ್ಲ’ ಎಂಬ ಮಾತನ್ನು ಕೇಳದ ನಾಗರಿಕನು ಭಾಗ್ಯವಂತ. ತಳವಾರನ ಕಿವಿಗೆ ಊರಿನ ಎಲ್ಲೆಯಿತ್ತು, ನಿಜ. ಆದರೆ ಆ ಎಲ್ಲೆ ಕೂಗಿದವನಿಗೂ ಗೊತ್ತಿತ್ತು. ಈ ವಿಷಯದಲ್ಲಿ ಕಾನೂನು ಮೆಲ್ಲಮೆಲ್ಲನೆ ಪ್ರಜೆಯ ಕಡೆಗೆ ವಾಲಿದೆ. ಪೋಲೀಸಿನವರು ತಾವಾಗಿಯೇ ತನಿಖೆಗೆ ತೊಡಗಬಹುದಾದ ಅಪರಾಧದ ವರ್ತಮಾನ ಬಂದರೆ ಅದನ್ನು ದಾಖಲು ಮಾಡಲೇಬೇಕೆಂದು ಸುಪ್ರೀಂ ಕೋರ್ಟು 2013ರಲ್ಲಿ, ಲಲಿತಾ ಕುಮಾರಿ ಮೊಕದ್ದಮೆಯಲ್ಲಿ, ತೀರ್ಪಿತ್ತಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ, ಅಂಥ ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು. ವಿದ್ಯುನ್ಮಾನದ ಮೂಲಕ ಕಳುಹಿಸಿದರೆ ಮೂರು ದಿನಗಳೊಳಗೆ ರುಜು ಹಾಕಬೇಕು. ಠಾಣೆಯವರು ಒಲ್ಲೆನೆಂದರೆ ಜಿಲ್ಲೆಯ ಸೂಪರಿಂಟೆಂಡೆಂಟರಿಗೆ ಲಿಖಿತವಾಗಿ ಕಳುಹಿಸುವ ಹಕ್ಕುಂಟು. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರು.

ಆದರೆ ಇದೆಲ್ಲವೂ ಆಪತ್ತು ಕಳೆದ ಮೇಲಿನ ಮಾತು. ಕದ ಮುರಿಯುತ್ತಿರುವಾಗ ಕಲಮುಗಳಿಂದ ಪ್ರಯೋಜನವಿಲ್ಲ. ಪೋಲೀಸಿಗೆ 100, ಬೆಂಕಿಗೆ 101, ವೈದ್ಯವಾಹನಕ್ಕೆ 108 ಎಂದು ಬೇರೆ ಬೇರೆಯಾಗಿ ನೆನಪಿಡಬೇಕಾಗಿದ್ದ ಕಷ್ಟವನ್ನು ತಪ್ಪಿಸುವುದಕ್ಕಾಗಿ 112 ಎಂಬ ಒಂದೇ ಸಂಖ್ಯೆಯ ಏರ್ಪಾಡನ್ನು 2019ರ ಫೆಬ್ರವರಿಯಲ್ಲಿ ಒಮ್ಮೆಗೇ ಹಲವು ರಾಜ್ಯಗಳಿಗೆ ವಿಸ್ತರಿಸಿದರು. ನಮ್ಮ ರಾಜ್ಯದಲ್ಲಿಯೂ ಅದು ನಡೆಯುತ್ತಿದೆ. 2016ರ ನಿಯಮಗಳು ಜೇಬಿನ ಟೆಲಿಫೋನುಗಳಲ್ಲಿಯೂ ಇದಕ್ಕೆ ಅನುಕೂಲವನ್ನು ಕಲ್ಪಿಸಿವೆ. ಸಾಮಾನ್ಯ ಫೋನಿನಲ್ಲಿ 5 ಅಥವಾ 9ನ್ನು ಅದುಮಿ ಹಿಡಿಯುವುದು, ದೊಡ್ಡ ಫೋನಿನಲ್ಲಿ ವಿದ್ಯುತ್ತಿನ ಗುಂಡಿಯನ್ನು ಬೇಗಬೇಗನೆ ಮೂರು ಬಾರಿ ಒತ್ತುವುದು. ವಿಂಪೋಲ್ ಬೀದಿಯ ಒಂಬತ್ತು ಇಲ್ಲಿಯೂ ಬಂದು ಕುಳಿತಿರುವುದನ್ನು ಕಂಡು ನನಗೆ ಸೋಜಿಗವಾಯಿತು.

ಇನ್ನು ನನ್ನದೊಂದು ತಪ್ಪೊಪ್ಪಿಗೆ. ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ನಮ್ಮ ಬೀದಿಯ ಕೊನೆಯ ಮನೆಯಿಂದ ಹೆಂಗಸೊಬ್ಬರ ಚೀತ್ಕಾರ ಕೇಳಿಬಂದಿತು. ನಾನು ಎದ್ದು ಕಿಟಕಿಯ ಬಳಿ ನಿಂತೆನು. ಎದುರು ಸಾಲಿನಲ್ಲಿ ನಾಲ್ಕೈದು ಕಿಟಕಿಗಳಿಗೆ ಬೆಳಕು ಬಂದಿತು, ನೆರಳುಗಳು ಕಾಣಿಸಿಕೊಂಡುವು. ಇಷ್ಟು ಜನರಲ್ಲಿ ಯಾರಾದರೂ ಕರೆದಿರುತ್ತಾರೆಂದು ನಾನು ಭಾವಿಸಿದೆನು. ಅವರೂ ಹಾಗೆಯೇ ಭಾವಿಸಿದ್ದರೆಂದು ಮಾರನೆಯ ದಿನ ತಿಳಿಯಿತು. ನೋಡುವವರ ಸಂಖ್ಯೆ ಹೆಚ್ಚಿದಷ್ಟೂ ಒಬ್ಬೊಬ್ಬನೂ ಮುಂದೆ ಬರುವುದು ಕಡಮೆಯಾಗುತ್ತದೆಂದು ಡಾರ್ಲಿ, ಲಟಾನೆ ಎಂಬ ಅಮೆರಿಕದ ವಿದ್ವಾಂಸರಿಬ್ಬರು 1968ರಲ್ಲಿಯೇ ಪ್ರಯೋಗ ಮಾಡಿ ತೋರಿಸಿದ್ದರು. ನಾನು ಅದನ್ನು ಓದಿಯೂ ಇದ್ದೆನು!

ಹತ್ತು ನಿಮಿಷಗಳಾದ ಮೇಲೆ ನನ್ನ ಹೆಂಡತಿ, “ನೀವು ಕರೆದಿರಾ?” ಎಂದು ಕೇಳಿದಳು. ಆಗ ಕರೆದೆನು. ಅತ್ತಣಿಂದ ಬಂದ ಮೊದಲ ಪ್ರಶ್ನೆ “ಏನಾಯಿತು?” ಎಂಬುದಲ್ಲ, “ಎಲ್ಲಿ?” ಎಂಬುದು. ಹನ್ನೆರಡು ವರ್ಷ ವಾಸಮಾಡಿದ್ದ ಬೀದಿ. ಅದು ಏಳನೆಯ ಅಡ್ಡರಸ್ತೆಯೋ ಎಂಟನೆಯದೋ ನನಗೆ ಥಟ್ಟನೆ ಹೊಳೆಯಲಿಲ್ಲ. ಮೂಲೆಯ ಹಿಟ್ಟಿನ ಗಿರಣಿಯನ್ನು ಗುರುತು ಹೇಳಿದೆನು. ಅತ್ತಲಿನವಳು ಬೇಸರಿಸದೆ, ಫೋನನ್ನು ಇಡಬೇಡಿರೆಂದು ಹೇಳಿ, ಗಿರಣಿಯ ಹತ್ತಿರದ ಗುಡಿ ಯಾವುದು, ಬಸ್ಸಿನ ನಿಲ್ದಾಣ ಯಾವುದು ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡಳು. ವಾಹನ ಬಂದಿತು. ಕಳ್ಳರು ಅಷ್ಟು ಹೊತ್ತಿಗೆ ಹೋಗಿದ್ದರು. ಆ ತಾಯಿಯ ತಲೆಗೆ ಪೆಟ್ಟಾಗಿದ್ದಿತು, ಉಳಿದುಕೊಂಡರು. ಬೆಳಗಾದ ಮೇಲೆ ನಾನು ಬೀದಿಯ ಮೂಲೆಗೆ ಹೋಗಿ ಹಲಗೆಯನ್ನು ಓದಿ ಬಂದೆನು. ಎಂಟನೆಯದು.