ಸೋಲದೇವನಹಳ್ಳಿಯ ಅಮ್ಮ, ಹೊನ್ನಸಂದ್ರದ ಮುಖ್ಯಮಂತ್ರಿ

ದೊಡ್ಡಬಳ್ಳಾಪುರ, ನೆಲಮಂಗಲದ ಕಡೆ ಊರವರೇ ಸೇರಿ ಕುರುಕ್ಷೇತ್ರ ನಾಟಕ ಆಡುವುದೆಂದರೆ ಮೊದಲು ಪಾತ್ರಗಳ ರೇಟು ಗೊತ್ತಾಗಬೇಕು. ಕೃಷ್ಣನಿಗಿಷ್ಟು, ದುರ್ಯೋಧನನಿಗಿಷ್ಟು, ಸೇವಕನಿಗಿಷ್ಟು. ಪಾತ್ರಧಾರಿಗಳು ಕಟ್ಟಿದ ದುಡ್ಡಿನಲ್ಲೇ ಸೀನರಿ, ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ ಎಲ್ಲ ಹುಟ್ಟಬೇಕು. ನಾನು ನೋಡಿದ ಒಂದು ನಾಟಕದಲ್ಲಿ ರಾತ್ರಿ ಎರಡು ದಾಟಿತ್ತು. ಹೆಚ್ಚು ದುಡ್ಡು ಕಟ್ಟಿದ್ದ ದುರ್ಯೋಧನ ಮಾತು ಮರೆತು ಗದೆ ಹಿಡಿದು ನಿಂತುಬಿಟ್ಟ. ಶಕುನಿ ದಾಳಗಳನ್ನು ಅಂಗೈಯಲ್ಲಿ ಉಜ್ಜುತ್ತಾ ಹತ್ತಿರ ಬಂದು, “ಯಾಕಳಿಯಾ, ಯೋಚನೆ ಮಾಡ್ತಿದ್ದೀಯ? ಹೇಳು, ಪಾಂಡವರಿಗೆ ಸೂಜಿಮೊನೆಯಷ್ಟೂ ಜಾಗ ಕೊಡಲ್ಲ ಅಂತ ಹೇಳು” ಎಂದ. ಜನ ಅದನ್ನು ನಾಟಕದ ಮಾತೆಂದೇ ತಿಳಿದರು. ಪೋಷಕ ಪಾತ್ರವೆಂದರೆ ಏನೆಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಶಕುನಿ.

ಪೋಷಕ ನಟರೆಂಬ ಬೇರೆ ಜಾತಿ ಕಂಪನಿ ನಾಟಕದ ಕಾಲದಲ್ಲಿ ಇರಲಿಲ್ಲ. ತಿಂಗಳ ಸಂಬಳಕ್ಕಿದ್ದವರು ಇಂದು ರಾಜ, ನಾಳೆ ದೂತ. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬಂದಾಗ ಪರದೆ ತುಂಬಿದವರೂ ಇಂಥವರೇ. ಅದರಲ್ಲಿ ರಾವಣನಾಗಿದ್ದ ಆರ್. ನಾಗೇಂದ್ರರಾಯರು 34 ವರ್ಷಗಳ ನಂತರ ‘ಹಣ್ಣೆಲೆ ಚಿಗುರಿದಾಗ’ದಲ್ಲಿ ಮನೆಯ ಹಿರಿಯರಾದರು. ಇವರು ದೊಡ್ಡ ನಟ, ಇವರು ಸಣ್ಣ ನಟ ಎಂದು ಗೆರೆ ಎಳೆದದ್ದು ಕ್ಯಾಮೆರಾ. ಹಾಲಿವುಡ್ಡಿನಲ್ಲೂ ಅಷ್ಟೇ. ಅಲ್ಲಿನ ಸ್ಟುಡಿಯೋಗಳೂ ನಟರನ್ನು ಸಂಬಳಕ್ಕಿಟ್ಟುಕೊಳ್ಳುತ್ತಿದ್ದವು. 1939ರ ಒಂದೇ ವರ್ಷದಲ್ಲಿ ಥಾಮಸ್ ಮಿಚೆಲ್ ‘ಸ್ಟೇಜ್‌ಕೋಚ್’, ‘ಗಾನ್ ವಿತ್ ದ ವಿಂಡ್’ ಸೇರಿ ಐದು ಚಿತ್ರಗಳಲ್ಲಿ ಕಾಣಿಸಿಕೊಂಡ. ಆದರೂ ಪೋಷಕ ನಟರಿಗೆ ಆಸ್ಕರ್ ಕೊಡಲು ಶುರುಮಾಡಿದ ಮೊದಲ ಕೆಲವು ವರ್ಷ ಬೊಂಬೆ ಕೊಡದೆ ಒಂದು ಫಲಕ ಕೊಟ್ಟು ಕಳಿಸುತ್ತಿದ್ದರು. ಪಂಕ್ತಿಯಲ್ಲಿ ಕೂರಿಸಿ ಹೋಳಿಗೆ ಬಡಿಸದೆ ಮುಂದಕ್ಕೆ ಹೋದ ಹಾಗೆ.

1954ರ ‘ಬೇಡರ ಕಣ್ಣಪ್ಪ’ದಿಂದ ಆಚೆಗೆ ಕನ್ನಡದಲ್ಲಿ ಒಂದು ಗಟ್ಟಿ ತಂಡ ನಿಂತಿತು. ಆ ಚಿತ್ರದಿಂದಲೇ ನರಸಿಂಹರಾಜು ಹೆಸರಾದರು. ಅದೇ ತಂಡದ ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿಕೊಂಡೇ ಸಂಭಾಷಣೆಗೆ ಸಂಭಾಷಣೆ ಕೊಡುತ್ತಿದ್ದರು. ಅವರ ಕಣ್ಣು ಸದಾ ಎದುರಿನವರ ಮೇಲಿರುತ್ತದೆ, ಹಳೆಯ ಚಿತ್ರ ಸಿಕ್ಕಿದಾಗ ಗಮನಿಸಿ ನೋಡಿ. ನಾಯಕಿಯರ ಕಥೆ ಬೇರೆ. ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಅವರ ಹೆಂಡತಿಯಾಗಿದ್ದ ಪಂಡರಿಬಾಯಿ 1986ರ ‘ಅನುರಾಗ ಅರಳಿತು’ ಹೊತ್ತಿಗೆ ಅವರ ತಾಯಿ. ಗಂಡಸಿಗೆ ಬಾರದ ವಯಸ್ಸು ಹೆಂಗಸಿಗೆ ಬಂದುಬಿಡುತ್ತಿತ್ತು.

ಈ ದಾರಿಯನ್ನು ಅತಿ ಉದ್ದಕ್ಕೆ ನಡೆದವರು ಲೀಲಾವತಿ. ಬೆಳ್ತಂಗಡಿ ಕಡೆಯ ಹುಡುಗಿ ಮೈಸೂರಿನ ನಾಟಕ ಕಂಪನಿ ಸೇರಿ, ‘ನಾಗಕನ್ನಿಕಾ’ದಂಥ ಚಿತ್ರಗಳ ಚಿಕ್ಕ ಪಾತ್ರಗಳಿಂದ ಮೇಲೆ ಬಂದು, 1960ರ ‘ರಾಣಿ ಹೊನ್ನಮ್ಮ’ದಲ್ಲಿ ರಾಜ್ ಎದುರು ನಾಯಕಿಯಾದರು. ಒಂಬತ್ತೇ ವರ್ಷ. 1969ರ ‘ಗೆಜ್ಜೆಪೂಜೆ’ಯಲ್ಲಿ ನಿರ್ದೇಶಕ ಪುಟ್ಟಣ್ಣ ಕಣಗಾಲ್ ಲೀಲಾವತಿಯವರನ್ನು ಕಲ್ಪನಾಗೆ ತಾಯಿ ಮಾಡಿದರು. ವಯಸ್ಸಿನಲ್ಲಿ ಇಬ್ಬರಿಗೂ ಇದ್ದ ಅಂತರ ಐದಾರು ವರ್ಷ, ಅಷ್ಟೇ. ಹಾಗಿದ್ದೂ ಆ ತಾಯಿ ಎಲ್ಲೂ ಸುಳ್ಳೆನಿಸುವುದಿಲ್ಲ. ತನಗೆ ಆದದ್ದು ಮಗಳಿಗೆ ಆಗಬಾರದು ಎಂಬ ಹಟ, ಆಗಿಯೇ ತೀರುತ್ತದೆ ಎಂಬ ಅಂಜಿಕೆ ಎರಡನ್ನೂ ಒಂದೇ ಮುಖದಲ್ಲಿ ಹೊತ್ತು ತಿರುಗುತ್ತಾಳೆ. 1972ರ ‘ನಾಗರಹಾವು’ ಚಿತ್ರದಲ್ಲಿ ಅಶ್ವತ್ಥ್ ಅವರ ಚಾಮಯ್ಯ ಮೇಷ್ಟ್ರಿಗೆ ಲೀಲಾವತಿ ಹೆಂಡತಿ ತುಂಗಾ ಆದರು. ನಾಯಕ ರಾಮಾಚಾರಿಯ ಸಿಟ್ಟು ಅಷ್ಟು ದೊಡ್ಡದಾಗಿ ಕಾಣುವುದು ಅವನು ಬಂದು ತಲೆತಗ್ಗಿಸುವ ಅದೊಂದು ಮನೆ ಇರುವುದರಿಂದ. ಆ ಮನೆಯನ್ನು ನಮಗೆ ನಂಬಿಸಿದವರು ಇವರಿಬ್ಬರು.

1970ರ ‘ಸಂಸ್ಕಾರ’ ಇನ್ನೊಂದು ಬಾಗಿಲು ತೆರೆಯಿತು. ಕಂಪನಿಯ ಗಟ್ಟಿ ಗಂಟಲಿನ ಬದಲು ಹವ್ಯಾಸಿ ರಂಗಭೂಮಿಯ ತಗ್ಗಿದ ದನಿ ಚಿತ್ರಗಳಿಗೆ ಬಂತು. ಅದರಲ್ಲಿ ಪರದೆಗೆ ಬಂದ ಲೋಕನಾಥ್ ‘ಭೂತಯ್ಯನ ಮಗ ಅಯ್ಯು’ವಿನಲ್ಲಿ ಉಪ್ಪಿನಕಾಯಿ ಚಪ್ಪರಿಸಿದ್ದನ್ನು ನೆನೆದರೆ ಇವತ್ತಿಗೂ ಬಾಯಲ್ಲಿ ನೀರೂರುತ್ತದೆ. ಕೊನೆಯವರೆಗೂ ಆ ಉಪ್ಪಿನಕಾಯಿ ಅವರ ಹೆಸರಿಗೆ ಅಂಟಿಕೊಂಡೇ ಇತ್ತು.

ನೆಲಮಂಗಲ ತಾಲ್ಲೂಕಿನ ಹೊನ್ನಸಂದ್ರದ ಚಂದ್ರಶೇಖರ್ ಬಂದದ್ದೂ ಇದೇ ಬಾಗಿಲಿನಿಂದ. 1980ರಲ್ಲಿ ಕಲಾಗಂಗೋತ್ರಿ ತಂಡ ‘ಮುಖ್ಯಮಂತ್ರಿ’ ನಾಟಕಕ್ಕೆ ಸಿದ್ಧವಾಗಿತ್ತು. ಮುಖ್ಯ ಪಾತ್ರ ಮಾಡಬೇಕಿದ್ದ ಲೋಹಿತಾಶ್ವ ಕಾಯಿಲೆ ಬಿದ್ದರು. ಬದಲಿಯಾಗಿ ನಿಂತ ಚಂದ್ರು ಮತ್ತೆ ಆ ಕುರ್ಚಿಯಿಂದ ಇಳಿಯಲೇ ಇಲ್ಲ. ನೂರಾರು ಪ್ರದರ್ಶನ, ಹೆಸರಿಗೆ ‘ಮುಖ್ಯಮಂತ್ರಿ’ ಎಂಬ ಕಾಯಂ ಪದವಿ. ‘ಚಕ್ರವ್ಯೂಹ’ದಿಂದ ಶುರುವಾಗಿ ಚಿತ್ರಗಳಲ್ಲೂ ರಾಜಕಾರಣಿಯ ಪಾತ್ರಗಳೇ ಹುಡುಕಿಕೊಂಡು ಬಂದವು. 1985ರಲ್ಲಿ ಗೌರಿಬಿದನೂರಿನಿಂದ ಗೆದ್ದು ನಿಜವಾಗಿಯೂ ವಿಧಾನಸೌಧದ ಮೆಟ್ಟಿಲು ಹತ್ತಿದರು. ನಾಯಕನಾದವನಿಗೆ ಜನ ಮತ ಕೊಡುವುದುಂಟು. ರಂಗದ ಮೇಲೆ ಕುಟಿಲ ರಾಜಕಾರಣಿಯಾಗಿ ನಗಿಸಿದವನಿಗೂ ಕೊಟ್ಟರಲ್ಲ, ಅದು ಸೋಜಿಗ.

ಈಚಿನ ಕಥೆ ಚಿಕ್ಕದು. ಪೋಷಕ ಪಾತ್ರಗಳು ಬಹುಪಾಲು ಧಾರಾವಾಹಿಗೆ ಗುಳೆ ಹೋಗಿವೆ. ರಂಗದಲ್ಲಿ ‘ಒಡಲಾಳ’ದ ಸಾಕವ್ವನಾಗಿದ್ದ ಉಮಾಶ್ರೀ ಅವರನ್ನು ಸಿನಿಮಾ ವರ್ಷಗಟ್ಟಲೆ ನಗಿಸುವುದಕ್ಕೇ ಬಳಸಿತು. ಗಿರೀಶ್ ಕಾಸರವಳ್ಳಿ ‘ಗುಲಾಬಿ ಟಾಕೀಸ್’ ಮಾಡಿದಾಗ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ಆಮೇಲೆ ಬಂದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಅವರು ಮಾಡಿದ ತಾಯಿಯೇ ನಾಯಕಿಯಾದಳು. ಪಂಡರಿಬಾಯಿ ಕಾಲಕ್ಕೆ ಇದು ಕನಸಿನಲ್ಲೂ ಬರುವಂಥದ್ದಲ್ಲ.

ಲೀಲಾವತಿ ಕೊನೆಯ ದಿನಗಳನ್ನು ಕಳೆದದ್ದು ನೆಲಮಂಗಲ ತಾಲ್ಲೂಕಿನ ಸೋಲದೇವನಹಳ್ಳಿಯ ತೋಟದಲ್ಲಿ, ಮಗ ವಿನೋದ್ ರಾಜ್ ಜೊತೆ. ಊರಿಗೆ ಆಸ್ಪತ್ರೆ ಇಲ್ಲವೆಂದು ತಮ್ಮ ದುಡ್ಡಿನಲ್ಲಿ ಒಂದು ಕಟ್ಟಿಸಿದರು. 2022ರಲ್ಲಿ ಅದು ಬಾಗಿಲು ತೆರೆಯಿತು. ಆಮೇಲೆ ದನಕರುಗಳದ್ದು ನೆನಪಾಯಿತು. ಪಶು ಆಸ್ಪತ್ರೆಯ ಉದ್ಘಾಟನೆ 2023ರ ನವೆಂಬರ್ ಕೊನೆಯಲ್ಲಿ ನಡೆಯಿತು. ಡಿಸೆಂಬರ್ 8ರಂದು ಅವರು ನೆಲಮಂಗಲದಲ್ಲೇ ತೀರಿಕೊಂಡರು. ಮಣ್ಣಾದದ್ದು ಅದೇ ತೋಟದಲ್ಲಿ.