ಹಲ್ಲುನೋವು: ಯಾವಾಗ ಕಾಯಬಹುದು, ಯಾವಾಗ ಕೂಡಲೇ ಹೊರಡಬೇಕು?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಹಾಗೂ ಎಚ್.ಡಿ.ಕೋಟೆ ಭಾಗದ ಹಳ್ಳಿಗಳಲ್ಲಿ ಹಲ್ಲುನೋವಿಗೆ ಮೊದಲು ನೆನಪಾಗುವುದು ಅಡುಗೆಮನೆಯ ಲವಂಗ. ಅದಕ್ಕೂ ಜಗ್ಗದಿದ್ದರೆ ಔಷಧ ಅಂಗಡಿಯ ಎರಡು ಮಾತ್ರೆ. ದಂತವೈದ್ಯರ ಸರದಿ ಬರುವುದು ಕೊನೆಗೆ. ತಂಬಾಕು ಬೇಯಿಸುವ ದಿನಗಳಲ್ಲಂತೂ ಹಗಲಿರುಳು ಬ್ಯಾರನ್ ಉರಿ ಕಾಯಬೇಕಾದ ರೈತ, ಹಲ್ಲಿನ ಕೆಲಸವನ್ನು ಸೊಪ್ಪು ಮಾರಾಟವಾದ ಮೇಲೆ ನೋಡಿಕೊಂಡರಾಯಿತೆಂದು ಮುಂದೂಡುವುದು ಸಾಮಾನ್ಯ. ಹೆಚ್ಚಿನ ಹಲ್ಲುನೋವುಗಳು ಒಂದೆರಡು ದಿನದ ವಿಳಂಬವನ್ನು ತಾಳಿಕೊಳ್ಳುತ್ತವೆ. ಆದರೆ ಕೆಲವು ಒಂದು ರಾತ್ರಿಯನ್ನೂ ತಾಳುವುದಿಲ್ಲ. ಇವೆರಡನ್ನು ನೋವಿನ ತೀವ್ರತೆಯಿಂದಲೇ ಅಳೆಯಲು ಹೊರಟರೆ ಮೋಸಹೋಗುವ ಸಂಭವ ಹೆಚ್ಚು.

ನೋವಿನ ಹಂತಗಳು

ಹಲ್ಲಿನ ಹೊರಗೆ ಎನಾಮಲ್ ಎಂಬ ಗಟ್ಟಿ ಹೊದಿಕೆ, ಅದರೊಳಗೆ ಡೆಂಟಿನ್, ನಟ್ಟನಡುವೆ ನರ ಮತ್ತು ರಕ್ತನಾಳಗಳಿರುವ ಮೆದು ತಿರುಳು ಇರುತ್ತದೆ. ಹುಳುಕು ಡೆಂಟಿನ್‌ವರೆಗೆ ಬಂದಾಗ ತಣ್ಣೀರು ಅಥವಾ ಸಿಹಿ ತಗುಲಿದರೆ ಹಲ್ಲು ಜುಮ್ಮೆನ್ನುತ್ತದೆ. ಕೆಲವೇ ಕ್ಷಣಗಳಲ್ಲಿ ಸರಿಹೋಗುತ್ತದೆ. ಈ ಹಂತದಲ್ಲಿ ಹುಳುಕು ತೆಗೆದು ತುಂಬಿಸಿದರೆ ಸಾಮಾನ್ಯವಾಗಿ ಹಲ್ಲು ಉಳಿಯುತ್ತದೆ. ಒಂದೆರಡು ವಾರದೊಳಗೆ ವೈದ್ಯರನ್ನು ಕಂಡರೂ ಸಾಕು.

ಬಿಸಿ ಕಾಫಿ ಕುಡಿದ ಮೇಲೂ ನೋವು ಬಹುಹೊತ್ತು ನಿಲ್ಲುವುದು, ಕಾರಣವಿಲ್ಲದೆ ತಾನಾಗಿ ಸಿಡಿಯುವುದು, ಮಲಗಿದೊಡನೆ ಹೆಚ್ಚಾಗಿ ನಿದ್ದೆಗೆಡಿಸುವುದು ತಿರುಳಿಗೇ ಪೆಟ್ಟು ಬಿದ್ದಿರುವ ಸೂಚನೆ. ಇಂತಹ ಹಲ್ಲಿಗೆ ಬೇರುನಾಳದ ಚಿಕಿತ್ಸೆ, ಇಲ್ಲವೇ ಹಲ್ಲು ಕೀಳಿಸುವುದು ಅಗತ್ಯವಾಗುತ್ತದೆ. ಮರುದಿನವೋ ಅದರ ಮರುದಿನವೋ ವೈದ್ಯರನ್ನು ಕಾಣಬೇಕು.

ಜನ ಎಡವುವುದು ಇದರ ಮುಂದಿನ ಹಂತದಲ್ಲಿ. ನಾಲ್ಕಾರು ದಿನ ನರಳಿಸಿದ ನೋವು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ಮಾತ್ರೆ ಕೆಲಸ ಮಾಡಿತೆಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ವಾಸ್ತವದಲ್ಲಿ ತಿರುಳು ಸತ್ತು, ನೋವು ಮುಟ್ಟಿಸುವ ನರವೇ ಇಲ್ಲವಾಗಿರುತ್ತದೆ. ಸೋಂಕು ಬೇರಿನ ತುದಿಯಿಂದ ಮೂಳೆಗೆ ಇಳಿದು ಅಲ್ಲಿ ಕೀವು ಕಟ್ಟತೊಡಗುತ್ತದೆ. ಕೆಲ ದಿನಗಳ ಬಳಿಕ ಹಲ್ಲು ಎತ್ತರವಾದಂತೆ ಭಾಸವಾಗುವುದು, ಕಚ್ಚಿದರೆ ನೋಯುವುದು, ವಸಡಿನಲ್ಲಿ ಗುಳ್ಳೆ ಏಳುವುದು ಇದರ ಲಕ್ಷಣಗಳು. ಗುಳ್ಳೆ ಒಡೆದು ಕೀವು ಹೋದರೆ ಮತ್ತೆ ನೆಮ್ಮದಿ ಎನಿಸುತ್ತದೆ; ರೋಗದ ಮೂಲ ಮಾತ್ರ ಹಾಗೆಯೇ ಉಳಿದಿರುತ್ತದೆ.

ಒಂದು ಗಂಟೆಯೂ ಕಾಯಬಾರದ ಸಂದರ್ಭ

ಕೆಳದವಡೆಯ ಕೊನೆಯ ಹಲ್ಲುಗಳ ಬೇರುಗಳು ಬಾಯಿಯ ತಳದ ಸ್ನಾಯುವಿಗಿಂತಲೂ ಕೆಳಗೆ ಚಾಚಿರುತ್ತವೆ. ಆದ್ದರಿಂದ ಅಲ್ಲಿನ ಕೀವು ನೇರವಾಗಿ ಗಲ್ಲದಡಿಗೆ, ಕತ್ತಿನ ಕಡೆಗೆ ಇಳಿಯಬಲ್ಲದು. ಗಲ್ಲದ ಕೆಳಗೆ ಎರಡೂ ಬದಿ ಹಲಗೆಯಂತೆ ಬಿಗಿದ ಊತ, ನಾಲಿಗೆ ಮೇಲಕ್ಕೆ ತಳ್ಳಲ್ಪಡುವುದು, ಉಗುಳು ನುಂಗಲಾಗದೆ ಜೊಲ್ಲು ಸುರಿಯುವುದು, ಧ್ವನಿ ಬದಲಾಗುವುದು, ಅಂಗಾತ ಮಲಗಿದರೆ ಉಸಿರು ಕಟ್ಟಿದಂತಾಗುವುದು ಈ ಸ್ಥಿತಿಯ ಗುರುತುಗಳು. 1836ರಲ್ಲಿ ಇದನ್ನು ವಿವರಿಸಿದ ಜರ್ಮನ್ ವೈದ್ಯನ ಹೆಸರಿನಿಂದ ಇದಕ್ಕೆ ಲುಡ್ವಿಗ್ಸ್ ಆಂಜೈನಾ ಎನ್ನುತ್ತಾರೆ. ಆ್ಯಂಟಿಬಯಾಟಿಕ್‌ಗಳು ಬರುವ ಮುನ್ನ ಈ ರೋಗಕ್ಕೆ ತುತ್ತಾದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು. ಇಂದೂ ಸಾವು ಬರುವುದು ಬಹುತೇಕ ಉಸಿರುನಾಳ ಮುಚ್ಚಿಹೋಗಿ. ಇಂತಹ ರೋಗಿಯನ್ನು ಹಲ್ಲಿನ ಕ್ಲಿನಿಕ್ ಹುಡುಕುತ್ತ ಅಲೆಸಬಾರದು. ಮಲಗಿಸದೆ ಕುಳ್ಳಿರಿಸಿಕೊಂಡೇ, ಆಮ್ಲಜನಕ ಮತ್ತು ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಸಾಗಿಸಬೇಕು.

ಮೇಲಿನ ಕೋರೆಹಲ್ಲಿನ ಸೋಂಕು ಕಣ್ಣಿನತ್ತ ಏರಬಹುದು. ರೆಪ್ಪೆ ಊದಿ ಕಣ್ಣು ಮುಚ್ಚಿಕೊಳ್ಳುವುದು, ದೃಷ್ಟಿ ಮಂಜಾಗುವುದು, ಜೊತೆಗೆ ಜ್ವರ ಹಾಗೂ ವಿಪರೀತ ತಲೆನೋವು ಕಂಡುಬಂದಲ್ಲಿ ಅದೂ ತುರ್ತೇ. ಊತದೊಂದಿಗೆ ಚಳಿಜ್ವರ ಬಂದರೆ, ಬಾಯಿ ಎರಡು ಬೆರಳು ತೂರುವಷ್ಟೂ ತೆರೆಯದಿದ್ದರೆ ಅದೇ ದಿನ ವೈದ್ಯರನ್ನು ಕಾಣಬೇಕು. ಸಕ್ಕರೆ ಕಾಯಿಲೆ ಇರುವವರಲ್ಲಿ ಸೋಂಕು ಬೇಗ ಹರಡುವುದರಿಂದ ಸಣ್ಣ ಊತವನ್ನೂ ಅಲಕ್ಷಿಸುವಂತಿಲ್ಲ.

ಕಡ್ಡಿಪುಡಿ, ಗುಟ್ಕಾ ಅಗಿಯುವವರಿಗೆ ಒಂದು ಮಾತು. ಅವರಲ್ಲಿ ಬಾಯಿ ತೆರೆಯುವುದು ವರ್ಷಗಳಿಂದಲೇ ಕಡಿಮೆಯಾಗುತ್ತ ಬಂದಿರಬಹುದು. ಅದು ಬೇರೆ ರೋಗ, ಅದಕ್ಕೂ ಪ್ರತ್ಯೇಕ ತಪಾಸಣೆ ಬೇಕು. ಎರಡು ವಾರ ಕಳೆದರೂ ಮಾಯದ ಹುಣ್ಣು, ಕಾರಣವಿಲ್ಲದೆ ಅಲುಗಾಡುವ ಹಲ್ಲು ಇದ್ದಲ್ಲಿ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳುವವರೆಗೆ ಸುಮ್ಮನಿರಬಾರದು.

ಹಲ್ಲು ಗಟ್ಟಿಯಾಗಿದ್ದರೂ ಕೆಳದವಡೆಯಲ್ಲಿ ಹಿಂಡಿದಂತಹ ನೋವು ಬಂದು, ಅದರೊಡನೆ ಎದೆ ಭಾರ, ಬೆವರು, ಎಡತೋಳಿನ ಸೆಳೆತವಿದ್ದರೆ ಅದು ಹೃದಯಾಘಾತವಿರಬಹುದು. ನಡೆದಾಗ ಹೆಚ್ಚಾಗಿ, ಕುಳಿತಾಗ ತಗ್ಗುವ ದವಡೆನೋವಿನ ಬಗ್ಗೆಯೂ ಇದೇ ಅನುಮಾನ ಇರಲಿ.

ಬಿದ್ದ ಹಲ್ಲು, ನಿಲ್ಲದ ರಕ್ತ

ಬೈಕ್ ಅಪಘಾತದಲ್ಲೋ ಶಾಲೆಯ ಆಟದಲ್ಲೋ ಶಾಶ್ವತ ಹಲ್ಲು ಬೇರುಸಹಿತ ಉದುರಿದರೆ ಅದನ್ನು ಮತ್ತೆ ಕೂರಿಸಲು ಸಾಧ್ಯ. ಅರ್ಧ ಗಂಟೆಯೊಳಗಾದರೆ ಉತ್ತಮ. ಒಂದು ಗಂಟೆ ಮೀರಿದಂತೆಲ್ಲ ಹಲ್ಲು ಉಳಿಯುವ ಸಾಧ್ಯತೆ ಕುಗ್ಗುತ್ತದೆ. ಬೇರನ್ನು ಮುಟ್ಟದೆ ಮೇಲ್ಭಾಗ ಹಿಡಿದು, ಮಣ್ಣಾಗಿದ್ದರೆ ಉಜ್ಜದೆ ಕ್ಷಣಕಾಲ ತೊಳೆದು, ಇದ್ದ ಜಾಗಕ್ಕೇ ತೂರಿಸಿ ಬಟ್ಟೆ ಕಚ್ಚಿಸಬೇಕು. ಆಗದಿದ್ದಲ್ಲಿ ಹಾಲಿನಲ್ಲಿಟ್ಟು ಒಯ್ಯಬೇಕು. ಹಾಲು ಎಲ್ಲ ಹಳ್ಳಿಯಲ್ಲೂ ಸಿಗುತ್ತದೆ; ಬಹಳಷ್ಟು ಮಂದಿ ಮಾಡುವಂತೆ ಕಾಗದದಲ್ಲಿ ಸುತ್ತಿಟ್ಟರೆ ಬೇರಿನ ಮೇಲಿನ ಜೀವಕೋಶಗಳು ಒಣಗಿ ಸಾಯುತ್ತವೆ. ಹಾಲುಹಲ್ಲನ್ನು ಮಾತ್ರ ಮರಳಿ ಕೂರಿಸಬಾರದು. ಒಳಗಿನ ಶಾಶ್ವತ ಹಲ್ಲಿಗೆ ಧಕ್ಕೆಯಾಗುತ್ತದೆ.

ಹಲ್ಲು ಕೀಳಿಸಿದ ನಂತರ ರಕ್ತ ಜಿನುಗಿದರೆ ಶುದ್ಧ ಬಟ್ಟೆಯನ್ನು 20ರಿಂದ 30 ನಿಮಿಷ ಬಿಡದೆ ಕಚ್ಚಿ ಹಿಡಿಯಬೇಕು. ಆಗಲೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಬೇಕು.

ಮನೆಮದ್ದು, ಮಾತ್ರೆ

ಲವಂಗದೆಣ್ಣೆಯಲ್ಲಿರುವ ಯೂಜಿನಾಲ್‌ಗೆ ನೋವು ಮರಗಟ್ಟಿಸುವ ಗುಣ ನಿಜವಾಗಿಯೂ ಇದೆ. ಆದರೆ ಹೆಚ್ಚು ಸುರಿದರೆ ವಸಡು ಸುಡುತ್ತದೆ. ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಪಕ್ಕ ಒತ್ತಿಡುವುದರಿಂದಲೂ ಹಾಗೆಯೇ ಆಗುತ್ತದೆ. ನೆಲಗುಳ್ಳದ ಬೀಜದ ಹೊಗೆ ಹಾಕಿ ಹಲ್ಲಿನ ಹುಳು ತೋರಿಸುವ ಪದ್ಧತಿ ಇನ್ನೂ ಕೆಲವೆಡೆ ಇದೆ. ಹುಳುಕು ಬ್ಯಾಕ್ಟೀರಿಯಾದ ಕೆಲಸ. ಅಲ್ಲಿ ಹುಳುವೇ ಇರುವುದಿಲ್ಲ. ಮುಖ ಊದಿದಾಗ ಹೊರಗಿನಿಂದ ಬಿಸಿ ಶಾಖ ಕೊಡುವುದು ಬೇಡ.

ನೋವಿಗೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ವಯಸ್ಕರಿಗೆ ದಿನಕ್ಕೆ 4 ಗ್ರಾಂ, ಅಂದರೆ 500 ಮಿ.ಗ್ರಾಂ.ನ 8 ಮಾತ್ರೆಯೇ ಗರಿಷ್ಠ ಮಿತಿ. ಮದ್ಯಪಾನಿಗಳಿಗೆ, ಯಕೃತ್ತಿನ ತೊಂದರೆ ಇರುವವರಿಗೆ ಅಷ್ಟೂ ಹೆಚ್ಚೇ. ಅಂಗಡಿಯವರು ಕೊಡುವ ನೋವಿನ ಜೋಡಿ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಸೇರಿರುವುದುಂಟು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಡೈಕ್ಲೊಫಿನಾಕ್, ಐಬುಪ್ರೊಫೆನ್‌ಗಳನ್ನು ಮೂತ್ರಪಿಂಡದ ಕಾಯಿಲೆ ಅಥವಾ ಹೊಟ್ಟೆಹುಣ್ಣು ಇರುವವರು ಹಾಗೂ ಗರ್ಭಿಣಿಯರು ವೈದ್ಯರನ್ನು ಕೇಳದೆ ನುಂಗಬಾರದು. ಗರ್ಭಿಣಿಯರು ಹಲ್ಲಿನ ಚಿಕಿತ್ಸೆಯನ್ನೇ ಹೆರಿಗೆಯವರೆಗೆ ತಡೆಯಬೇಕೆಂಬ ನಂಬಿಕೆಯೂ ತಪ್ಪು. ಮೂರು ದಿನ ಆ್ಯಂಟಿಬಯಾಟಿಕ್ ನುಂಗಿ ಬಿಡುವುದಂತೂ ಕೀವಿಗೆ ಮುಸುಕು ಹಾಕಿದಂತೆ. ಕೀವು ಹೊರಹೋಗಿ ಹಲ್ಲಿನ ಮೂಲ ಸರಿಯಾಗದೆ ಯಾವ ಮಾತ್ರೆಯೂ ಅದನ್ನು ಗುಣಪಡಿಸದು.

ಎಲ್ಲಿಗೆ ಹೋಗಬೇಕು?

ಹಗಲಿನಲ್ಲಾದರೆ ಮೊದಲು ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಬಹುದು. ಮೈಸೂರಿನಲ್ಲಿ ಜೆಎಸ್‌ಎಸ್ ಹಾಗೂ ಫಾರೂಕಿಯಾ ದಂತ ಕಾಲೇಜುಗಳಿವೆ. ಬೇರುನಾಳ ಚಿಕಿತ್ಸೆಯಂತಹ ಕೆಲಸಕ್ಕೆ ಅಲ್ಲಿಗೆ ಬೆಳಿಗ್ಗೆಯೇ ತಲುಪುವುದು ಒಳ್ಳೆಯದು. ರಾತ್ರಿ ವೇಳೆ ಮುಖ, ಕತ್ತು ಊದಿದ್ದರೆ 2008ರಿಂದ ರಾಜ್ಯದಲ್ಲಿರುವ 108 ಆಂಬುಲೆನ್ಸ್‌ಗೆ ಕರೆ ಮಾಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗಕ್ಕೆ, ಅಲ್ಲಿಂದ ಅಗತ್ಯವಿದ್ದರೆ ಮೈಸೂರಿನ ಕೆ.ಆರ್.ಆಸ್ಪತ್ರೆಗೆ ಸಾಗಬೇಕು. ಕರೆ ಮಾಡುವಾಗ ಬರೀ ಹಲ್ಲುನೋವು ಎನ್ನದೆ, ಉಸಿರಾಟಕ್ಕೆ ಅಥವಾ ನುಂಗಲು ಕಷ್ಟವಾಗುತ್ತಿದೆ ಎಂಬುದನ್ನೇ ಮೊದಲು ಹೇಳಬೇಕು. ನುಂಗಿದ ಮಾತ್ರೆಗಳ ಪಟ್ಟಿಗಳನ್ನೂ ಜೊತೆಗೊಯ್ಯಬೇಕು.

ಎಚ್.ಡಿ.ಕೋಟೆ ತಾಲ್ಲೂಕಿನ ಡಿ.ಬಿ.ಕುಪ್ಪೆ ಕಡೆಯ ಹಾಡಿಗಳವರಿಗೆ ದೂರದ ಜೊತೆಗೆ ಕಾಡಿನ ರಸ್ತೆಯ ಸಮಸ್ಯೆಯೂ ಇದೆ. ನಾಗರಹೊಳೆ ಅರಣ್ಯದ ಮೂಲಕ ಸಾಗುವ ಮಾನಂದವಾಡಿ ರಸ್ತೆಯಲ್ಲಿ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧವಿರುವುದರಿಂದ, ಅಲ್ಲಿನವರು ಮಧ್ಯಾಹ್ನ ಕಾಣಿಸಿಕೊಂಡ ಊತವನ್ನು ಸಂಜೆವರೆಗೆ ನೋಡೋಣವೆಂದು ಕಾಯದೆ ಬೆಳಕಿರುವಾಗಲೇ ಹೊರಡಬೇಕು.