ಅಡುಗೆಮನೆಯ ಜಾಡಿಯೂ ಸರಕಾರದ ಬೊಕ್ಕಸವೂ

ಯುಗಾದಿ ಕಳೆಯಿತೆಂದರೆ ಮುಂಬಯಿಯ ನಮ್ಮ ಮನೆಗಳಲ್ಲಿ ಮಾವಿನಮಿಡಿಯ ಮಾತು ಶುರುವಾಗುತ್ತದೆ. ಊರಿನಿಂದ ಬಸ್ಸಿನಲ್ಲಿ ಚೀಲ ಬರಬೇಕು, ಅಟ್ಟದ ಮೇಲಿನ ಭರಣಿ ಇಳಿಯಬೇಕು, ಎರಡು ಕೋಣೆಯ ಮನೆಯಲ್ಲಿ ಅದಕ್ಕೊಂದು ತಂಪಾದ ಮೂಲೆ ಸಿಗಬೇಕು. ಉಪ್ಪಿನ ಪ್ರಮಾಣದ ಬಗ್ಗೆ ಅತ್ತೆ ಸೊಸೆಯರ ನಡುವೆ ಚರ್ಚೆ ನಡೆದೀತೇ ಹೊರತು, ಸರಕಾರಕ್ಕೂ ನಮ್ಮ ಭರಣಿಗೂ ಸಂಬಂಧವಿದೆಯೆಂದು ನಾವು ಕನಸಿನಲ್ಲೂ ಎಣಿಸಿಲ್ಲ. ಜಪಾನಿನ ಗೃಹಿಣಿಯರಿಗೆ ಈ ನಿಶ್ಚಿಂತೆ ಇರಲಿಲ್ಲ. ಅವರ ಒಂದು ಜಾಡಿಯ ಕತೆ ಕೇಳುವಂತಿದೆ. ಮದ್ಯದ ಹೆಸರೆತ್ತಿದರೆ ಮೂಗು ಮುರಿಯುವ ವಾಚಕರೂ ದಯಮಾಡಿ ಪುಟ ತಿರುವಬಾರದು. ಇದು ಕುಡಿತದ ಪ್ರಶಂಸೆಯಲ್ಲ, ಕಾಯಿದೆಯ ಇತಿಹಾಸ.

ಜಪಾನಿನಲ್ಲಿ ಉಮೆ ಎಂಬ ಹಣ್ಣಿದೆ. ಪ್ಲಮ್ ಎಂದು ಕರೆಯುವ ರೂಢಿಯಿದ್ದರೂ ಅದು ಜರ್ದಾಳುವಿಗೆ ಹೆಚ್ಚು ಹತ್ತಿರದ ಬಂಧು. ಜೂನ್ ತಿಂಗಳಲ್ಲಿ ಹಸಿರು ಕಾಯಿ ಪೇಟೆಗೆ ಬರುತ್ತದೆ. ಆ ಹೊತ್ತಿನ ಮಳೆಗಾಲದ ಹೆಸರನ್ನು ಬರೆಯುವುದೇ 'ಉಮೆ' ಮತ್ತು 'ಮಳೆ' ಎಂಬ ಎರಡು ಅಕ್ಷರಗಳಿಂದ. ಕಾಯಿ ವಿಪರೀತ ಹುಳಿ, ಹಸಿಯಾಗಿ ತಿನ್ನುವಂತಿಲ್ಲ. ಆದ್ದರಿಂದ ಉಪ್ಪು ಹಾಕಿ ಬಿಸಿಲಿಗೊಣಗಿಸಿ ಉಮೆಬೋಷಿ ಎಂಬ ಉಪ್ಪಿನಕಾಯಿ ಮಾಡುತ್ತಾರೆ, ಇಲ್ಲವೆ ಮದ್ಯದಲ್ಲಿ ನೆನೆಹಾಕಿ ಉಮೆಶು ಮಾಡುತ್ತಾರೆ. ಒಂದೇ ಮರದ ಕಾಯಿ, ಒಂದೇ ಕೈಯ ಕೆಲಸ. ಮೊದಲನೆಯದನ್ನು ಯಾರೂ ಪ್ರಶ್ನಿಸಲಿಲ್ಲ. ಎರಡನೆಯದು ಅಪರಾಧವಾಯಿತು.

1697ರಲ್ಲಿ ಹಿತೋಮಿ ಹಿತ್ಸುದಾಯ್ ಎಂಬ ವೈದ್ಯರು ಬರೆದ 'ಹೊಂಚೊ ಶೊಕ್ಕಾನ್' ಎಂಬ ಆಹಾರಗ್ರಂಥದಲ್ಲೇ ಉಮೆಶು ಮಾಡುವ ಕ್ರಮವಿದೆ. ಬಲಿಯುತ್ತಿರುವ ಕಾಯಿಯನ್ನು ಬೂದಿನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಒರೆಸಿ, ಹಳೆಯ ಸಾಕೆ ಮದ್ಯ ಮತ್ತು ಸಕ್ಕರೆಯೊಡನೆ ಜಾಡಿಗೆ ತುಂಬಬೇಕು. ಆ ಕಾಲದಲ್ಲಿ ಬಿಳಿಸಕ್ಕರೆ ನಾಗಸಾಕಿ ಬಂದರಿಗೆ ಹಡಗಿನಲ್ಲಿ ಬರುತ್ತಿದ್ದ ದುಬಾರಿ ಪದಾರ್ಥ. ಹಾಗಾಗಿ ಈ ಪಾನೀಯ ಅನುಕೂಲಸ್ಥರ ಮನೆಯಲ್ಲಿ, ಅದೂ ಔಷಧವೆಂಬ ಗೌರವದೊಡನೆ, ಇರುತ್ತಿತ್ತು. ರೈತಾಪಿ ಜನರದು ಬೇರೆಯೇ ಪಾನೀಯ: ಅನ್ನವನ್ನು ಹುಳಿಯಿಸಿ ಮನೆಯಲ್ಲೇ ಮಾಡಿಕೊಳ್ಳುತ್ತಿದ್ದ ಸೋಸದ ದೊಬುರೊಕು.

1868ರ ಬಳಿಕ ಬಂದ ಮೇಜಿ ಸರಕಾರಕ್ಕೆ ಸೈನ್ಯ, ರೈಲು, ಕಾರಖಾನೆ ಎಲ್ಲವೂ ಬೇಕಿತ್ತು, ಹಣ ಬೇಕಿತ್ತು. 1894-95ರಲ್ಲಿ ಚೀನಾದೊಡನೆ ಯುದ್ಧ ನಡೆದ ಮೇಲಂತೂ ಖರ್ಚು ಬೆಳೆಯಿತು. ಮದ್ಯದ ಮೇಲಿನ ತೆರಿಗೆ ಏರುತ್ತ ಹೋಯಿತು. ಆದರೆ ಮನೆಯಲ್ಲೇ ಮಾಡಿಕೊಂಡವನು ಅಂಗಡಿಗೆ ಏಕೆ ಬಂದಾನು? 1899ರಲ್ಲಿ ಮನೆಮದ್ಯವನ್ನು ಪೂರ್ತಿಯಾಗಿ ನಿಷೇಧಿಸಿದರು. ಅದೇ ವರ್ಷ ಮದ್ಯದ ತೆರಿಗೆ ಭೂಕಂದಾಯವನ್ನೂ ಮೀರಿ ದೇಶದ ಅತಿ ದೊಡ್ಡ ತೆರಿಗೆಯಾಯಿತೆಂಬುದನ್ನು ಗಮನಿಸಿದರೆ ಕಾಯಿದೆಯ ಒಳಗುಟ್ಟು ತಿಳಿಯುತ್ತದೆ. ಜನರ ಆರೋಗ್ಯದ ಕಾಳಜಿ ಅದರಲ್ಲಿ ಹೆಚ್ಚೇನೂ ಇದ್ದಂತೆ ನಮಗೆ ಕಾಣುವುದಿಲ್ಲ.

ವಿಚಿತ್ರವೆಂದರೆ ಉಮೆಶುವಿನಲ್ಲಿ ಹೊಸದಾಗಿ ಮದ್ಯ ಹುಟ್ಟುವುದೇ ಇಲ್ಲ. ಅಂಗಡಿಯಿಂದ, ತೆರಿಗೆ ಕೊಟ್ಟು ತಂದ ಮದ್ಯಕ್ಕೆ ಕಾಯಿ ಹಾಕುವುದಷ್ಟೆ. ಆದರೂ ಮದ್ಯಕ್ಕೆ ಬೇರೊಂದು ವಸ್ತು ಬೆರೆಸಿದರೆ ಅದು ಹೊಸ ಮದ್ಯದ ತಯಾರಿಕೆಯೇ ಸರಿ ಎಂದು ಕಾಯಿದೆ ಹಿಡಿದ ಹಟ ಬಿಡಲಿಲ್ಲ. ಹೆಂಗಸರೂ ಬಿಡಲಿಲ್ಲ, ಜಾಡಿ ಮೂಲೆಯಲ್ಲಿ ಸದ್ದಿಲ್ಲದೆ ಕುಳಿತಿತ್ತು. ಕಡೆಗೆ 1962ರಲ್ಲಿ ಸರಕಾರವೇ ಸೋತು ಕಾಯಿದೆ ತಿದ್ದಿತು.

ಅನುಮತಿ ಸಿಕ್ಕಿದ್ದು ಷರತ್ತಿನೊಡನೆ. ಮನೆಯ ಬಳಕೆಗೆ ಮಾತ್ರ, ಮಾರುವಂತಿಲ್ಲ. ದ್ರಾಕ್ಷಿಯನ್ನಾಗಲಿ ಅಕ್ಕಿ, ಬಾರ್ಲಿ ಮೊದಲಾದ ಧಾನ್ಯಗಳನ್ನಾಗಲಿ ಹಾಕಕೂಡದು. ಹಾಕುವ ಮದ್ಯದಲ್ಲಿ ಶೇಕಡಾ 20ಕ್ಕೆ ಕಡಿಮೆಯಿಲ್ಲದಷ್ಟು ಆಲ್ಕೊಹಾಲ್ ಇರಬೇಕು. ಈ ಕಡೆಯ ಷರತ್ತು ಅಸಂಬದ್ಧವಲ್ಲ: ಅಷ್ಟು ತೀಕ್ಷ್ಣವಿದ್ದರೆ ಹಣ್ಣಿನ ಸಕ್ಕರೆ ಹುಳಿತು ಹೊಸ ಆಲ್ಕೊಹಾಲ್ ಹುಟ್ಟದು. ಇದನ್ನು ಮರೆತರೆ ಪೇಚು. 2007ರಲ್ಲಿ ಅಲ್ಲಿನ ಟಿ.ವಿ. ಅಡುಗೆ ಕಾರ್ಯಕ್ರಮವೊಂದು ಮಿರಿನ್ ಎಂಬ ಅಡುಗೆಯ ಸಿಹಿಮದ್ಯದಲ್ಲಿ ಉಮೆ ನೆನೆಹಾಕುವುದನ್ನು ಕಲಿಸಿ, ಅದು ಕಾನೂನುಬಾಹಿರವೆಂದು ತಿಳಿದು ಕ್ಷಮೆ ಕೇಳಬೇಕಾಯಿತು.

ಈಗ ಪ್ರತಿ ಜೂನಿನಲ್ಲೂ ಅಂಗಡಿಗಳಲ್ಲಿ ಕಾಯಿ, ದೊಡ್ಡ ಗಾಜಿನ ಜಾಡಿ, ಶೇಕಡಾ 35ರ ವಾಸನೆಯಿಲ್ಲದ ಮದ್ಯ, ಕಲ್ಲುಸಕ್ಕರೆ ಎಲ್ಲವೂ ಒಂದೇ ಕಡೆ ಮಾರಾಟಕ್ಕಿರುತ್ತವೆ. ಒಂದು ಕಿಲೊ ಕಾಯಿಗೆ 1.8 ಲೀಟರ್ ಮದ್ಯ, ಅರ್ಧದಿಂದ ಒಂದು ಕಿಲೊ ಕಲ್ಲುಸಕ್ಕರೆ. ನಾವು ಮಿಡಿಯ ತೊಟ್ಟನ್ನು ಜೋಪಾನವಾಗಿ ಉಳಿಸಿಕೊಳ್ಳುತ್ತೇವೆ. ಅವರು ಬಿದಿರುಕಡ್ಡಿಯಿಂದ ಎಬ್ಬಿ ತೆಗೆಯುತ್ತಾರೆ, ಇಲ್ಲದಿದ್ದರೆ ಕಹಿಯಂತೆ. ನೀರಿನ ಪಸೆ ಉಳಿಯಬಾರದೆಂಬ ಕಟ್ಟುನಿಟ್ಟು ಮಾತ್ರ ಇಬ್ಬರದೂ ಒಂದೇ. ಪುಡಿಸಕ್ಕರೆ ಬಿಟ್ಟು ಕಲ್ಲುಸಕ್ಕರೆಯೇ ಏಕೆಂದರೆ ಅದು ನಿಧಾನವಾಗಿ ಕರಗುತ್ತದೆ. ಅಷ್ಟರಲ್ಲಿ ಮದ್ಯ ಕಾಯಿಯೊಳಗೆ ಇಳಿದಿರುತ್ತದೆ. ಆಮೇಲೆ ಸಿಹಿ ಏರಿದಂತೆ ಒಳಗಿನ ರಸವನ್ನು ಹೊರಕ್ಕೆ ಎಳೆಯುತ್ತದೆ.

ನಮ್ಮಲ್ಲೂ ಈ ವ್ಯಾಜ್ಯ ಹಳೆಯದೇ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿ ಇದ್ದಾನೆ, ಮಾವಿನ ರಸದ ಸಹಕಾರಸುರೆಯ ಉಲ್ಲೇಖವೂ ಇದೆ. ವಿಶೇಷ ಸಂದರ್ಭಗಳಲ್ಲಿ ಕುಟುಂಬಸ್ಥರು ಬಿಳಿಯ ಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ತಾವೇ ಮಾಡಿಕೊಳ್ಳಬಹುದೆಂದು ಅಂಥ ಕಠಿಣ ಶಾಸ್ತ್ರಕಾರನೇ ರಿಯಾಯಿತಿ ಕೊಟ್ಟಿದ್ದಾನೆ. ನಾವಿರುವ ಮುಂಬಯಿಯಲ್ಲಿ 1949ರ ಪಾನನಿರೋಧ ಕಾಯಿದೆ ಸಡಿಲಗೊಂಡರೂ ರದ್ದಾಗಿಲ್ಲ. ಆದ್ದರಿಂದ ಮೇಲಿನ ಅಳತೆಗಳನ್ನು ಓದಿ ಯಾರೂ ಭರಣಿ ಇಳಿಸಬೇಡಿ.

ಜಪಾನಿನಲ್ಲಿ ಮೂರು ತಿಂಗಳಿಗೆ ಜಾಡಿ ತೆರೆಯಬಹುದಾದರೂ ತಾಳ್ಮೆಯುಳ್ಳವರು ಮುಚ್ಚಳದ ಮೇಲೆ ವರ್ಷ ಬರೆದು ಮುಂದಿನ ಮಳೆಗಾಲದವರೆಗೆ ಕಾಯುತ್ತಾರೆ. ಹೊಂಬಣ್ಣಕ್ಕೆ ತಿರುಗಿದ ರಸ ಬಸಿದ ಮೇಲೆ ತಳದಲ್ಲಿ ಉಳಿದ ಸುಕ್ಕುಗಾಯಿಯನ್ನು ಎಸೆಯುವುದಿಲ್ಲ. ಬೀಜ ತೆಗೆದು ಜಾಮ್ ಕಾಯಿಸುತ್ತಾರೆ.